ಹಡಗಿಗೆ ಇಳಿಯುವವರು, ಖಣಿಗೆ ಇಳಿಯುವವರು

ಎರಡು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡೂವರೆ. ಕಪನೂರ ಕೈಗಾರಿಕಾ ಪ್ರದೇಶ ದಾಟಿ ಕಮಲಾಪುರದ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯ ಹೊರಗೆ, ಹಳೆ ಕಲ್ಲಿನ ಖಣಿಯಲ್ಲಿ ಹುಡುಗನೊಬ್ಬ ಮುಳುಗಿದ್ದಾನೆ ಅಂತ ಫೋನ್ ಬಂತು. ನಾನು ಗಾಡಿ ತಗೊಂಡು ಮುಟ್ಟುವಷ್ಟರಲ್ಲಿ ದಂಡೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಈಜಲು ಬಂದಿದ್ದ ನಾಲ್ವರು ಗೆಳೆಯರಲ್ಲಿ ಮೂವರು ಒದ್ದೆ ಬಟ್ಟೆಯಲ್ಲೇ ಕೂತು ನಡುಗುತ್ತಿದ್ದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟು ಎಳೆದು ನೋಡಿದ್ದಾಗಿತ್ತು. ಒಂದು ಜಾಲಿಕಂಟಿ, ಒಂದು ಹರಿದ ಸಿಮೆಂಟ್ ಚೀಲ ಬಂದಿದ್ದವು, ಅಷ್ಟೇ.

ನಾಲ್ಕು ಗಂಟೆಗೆ ಯಾರದೋ ಬೈಕಿನ ಹಿಂದೆ ಕೂತು ಒಬ್ಬ ಮನುಷ್ಯ ಬಂದ. ಐವತ್ತರ ಆಚೆಯ ವಯಸ್ಸು. ಭೀಮಾ ನದಿ ದಂಡೆಯ ಊರಿನವ, ಮೀನು ಹಿಡಿಯುವ ಮನೆತನ. ಯಾರನ್ನೂ ಮಾತಾಡಿಸದೆ ಅಂಗಿ ಬಿಚ್ಚಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಅದರ ಇನ್ನೊಂದು ತುದಿಯನ್ನು ತನ್ನ ಜೊತೆ ಬಂದ ಹುಡುಗನ ಕೈಗೆ ಕೊಟ್ಟ. ಏಳೆಂಟು ಸಲ ಜೋರಾಗಿ ಉಸಿರು ಎಳೆದು ಬಿಟ್ಟು ನೀರಿಗೆ ಹೋದ. ಕಣ್ಣಿಗೆ ಕನ್ನಡಕ ಇಲ್ಲ, ಬೆನ್ನಿಗೆ ಸಿಲಿಂಡರ್ ಇಲ್ಲ, ಕಾಲಿಗೆ ಏನೂ ಇಲ್ಲ. ಹೋದ, ಬಂದ, ಹೋದ, ಬಂದ. ಹನ್ನೊಂದನೇ ಸಲಕ್ಕೆ ಹಗ್ಗ ಎರಡು ಸರ್ತಿ ಜಗ್ಗಿತು. ದಂಡೆಯ ಮೇಲೆ ಹೆಣ್ಣುಮಕ್ಕಳ ಅಳು ಒಮ್ಮೆಲೇ ಎದ್ದಿತು.

ಅವತ್ತು ಸಂಜೆ ನಾನು ಕಳಿಸಿದ ಸುದ್ದಿಯ ಕೊನೆಯ ಸಾಲು ಹೀಗಿತ್ತು: ‘ಸ್ಥಳೀಯ ನುರಿತ ಈಜುಗಾರರ ನೆರವಿನಿಂದ ಶವ ಹೊರತೆಗೆಯಲಾಯಿತು.’ ಹತ್ತು ವರ್ಷದಲ್ಲಿ ಇದೇ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬೆಣ್ಣೆತೊರಾ, ಭೀಮಾ, ಕಾಲುವೆ, ಕೃಷಿಹೊಂಡ, ಖಣಿ. ಜಾಗ ಬದಲಾಗುತ್ತದೆ, ಮೃತರ ಹೆಸರು ಬದಲಾಗುತ್ತದೆ, ಕೊನೆಯ ಸಾಲು ಮಾತ್ರ ಹಾಗೇ ಇರುತ್ತದೆ. ಆ ‘ಸ್ಥಳೀಯ ನುರಿತ ಈಜುಗಾರ’ ಯಾರು ಅಂತ ನಾನು ಕೇಳಿರಲಿಲ್ಲ, ಡೆಸ್ಕಿನವರೂ ನನ್ನನ್ನು ಕೇಳಿರಲಿಲ್ಲ.

ಕೇಳುವಂತೆ ಮಾಡಿದ್ದು ಒಂದು ವಿಡಿಯೊ. ನಮ್ಮ ಡಿಪ್ಲೊಮಾ ಬ್ಯಾಚಿನ ಗೆಳೆಯನೊಬ್ಬ ಕರಾವಳಿಯಲ್ಲಿ ವರದಿಗಾರ. ಮುಳುಗಿದ ಹಳೆ ಹಡಗೊಂದರ ಅವಶೇಷಕ್ಕೆ ಜನ ಇಳಿಯುವ ವಿಡಿಯೊ ಕಳಿಸಿ, ‘ನಿಮ್ಮ ಕಡೆ ಇಂಥದ್ದು ಎಲ್ಲಿ ಸಿಗಬೇಕು’ ಅಂತ ತಮಾಷೆ ಮಾಡಿದ್ದ. ಬೆನ್ನಿಗೆ ಎರಡು ಸಿಲಿಂಡರ್, ಪಕ್ಕಕ್ಕೆ ಇನ್ನೆರಡು, ಕೈಯಲ್ಲಿ ದಾರದ ಉರುಳೆ, ತೋಳಿಗೆ ಬರೆಯುವ ಹಲಗೆ. ನಮ್ಮ ಕಾಕಾ ಖಣಿಗೆ ಇಳಿದಿದ್ದು ಬರಿಗೈಲಿ. ಎರಡೂ ನೀರಿನ ತಳದಲ್ಲಿ ಕಾಣದ್ದನ್ನು ಹುಡುಕುವ ಕೆಲಸವೇ. ಒಂದಕ್ಕೆ ‘ಟೆಕ್ನಿಕಲ್ ಡೈವಿಂಗ್’ ಎಂಬ ಹೆಸರು, ಪಠ್ಯ, ಪರೀಕ್ಷೆ, ಪ್ರಮಾಣಪತ್ರ ಇವೆ. ಇನ್ನೊಂದಕ್ಕೆ ಹೆಸರೇ ಇಲ್ಲ. ಅಲ್ಲಿಂದ ಓದಲು ಶುರು ಮಾಡಿದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು, ಈ ವಿಷಯ ಕಲಬುರಗಿಗೆ ನಾವು ಅಂದುಕೊಂಡಷ್ಟು ದೂರದ್ದಲ್ಲ.

ಕಲಬುರಗಿಯವರು ಸಮುದ್ರ ನೋಡಬೇಕೆಂದರೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂರಬೇಕು. ಆದರೆ 1347ರಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ ಬಹಮನಿಗಳು ಸಮುದ್ರದಿಂದಲೇ ಬದುಕಿದವರು. ಸೈನ್ಯಕ್ಕೆ ಬೇಕಾದ ಕುದುರೆ ಅರಬರ, ಪರ್ಷಿಯನ್ನರ ನಾಡಿನಿಂದ ಹಡಗಿನಲ್ಲೇ ಬರಬೇಕಿತ್ತು. ಕಲಬುರಗಿಯಿಂದ ಆಳಿದ ಫಿರೋಜ್ ಶಾಹ ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದ, ದೇಶದೇಶದ ಸರಕಿನ ಜೊತೆಗೆ ವಿದ್ವಾಂಸರನ್ನೂ ಕರೆಸಿಕೊಳ್ಳುತ್ತಿದ್ದ ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಮುಂದೆ ರಾಜಧಾನಿ ಬೀದರಿಗೆ ಹೋದ ಮೇಲೆ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್‌ನಲ್ಲಿ ಇಳಿದು, ಅಲ್ಲಿಂದ ಬೀದರಿನವರೆಗೆ ಬಂದ. ಇವತ್ತು ಕಪನೂರ, ಕಮಲಾಪುರ ದಾಟಿ ಹುಮನಾಬಾದಿಗೆ ಹೋಗುವ ನಮ್ಮ ರಸ್ತೆ ಮುಂದೆ ಅದೇ ಬೀದರಿಗೆ ಹೋಗುತ್ತದೆ. ಹೊರಟ ಹಡಗುಗಳೆಲ್ಲ ದಡ ಸೇರುವ ಕಾಲ ಅದಾಗಿರಲಿಲ್ಲ. ಪಶ್ಚಿಮ ಕರಾವಳಿಯ ತಳದಲ್ಲಿ ಬಿದ್ದಿರುವುದರಲ್ಲಿ ಒಂದಿಷ್ಟು ನಮ್ಮ ಕೋಟೆಯ ಲೆಕ್ಕಪತ್ರವೂ ಇರಬಹುದಲ್ಲವೇ?

ಹಾಗಂತ ಇದು ಚಿನ್ನದ ಕಥೆಯಲ್ಲ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಪುರಾತತ್ವ ತಂಡ ಗೋವಾ ಕರಾವಳಿಯಲ್ಲಿ ಮುಳುಗಿದ ಹಡಗುಗಳನ್ನು ಹುಡುಕಿದೆ. ಸುಂಚಿ ರೀಫ್ ಎಂಬಲ್ಲಿ ನೀರಿನ ಆಳ ಹೆಚ್ಚೆಂದರೆ ಆರು ಮೀಟರ್. ಅಲ್ಲಿ ಸಿಕ್ಕಿದ್ದು 17ನೇ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷ: ಫಿರಂಗಿ, ಆನೆ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಚೂರು. ಅದಕ್ಕಿಂತ ನನಗೆ ಹಿಡಿಸಿದ್ದು ಸೇಂಟ್ ಜಾರ್ಜ್ ರೀಫ್‌ನದು. ಅಲ್ಲಿ ಸಿಕ್ಕಿದ್ದು ಮಂಗಳೂರು ಹೆಂಚು! ಚಾವಣಿಯ ಹೆಂಚು, ಮೂಲೆಯ ಹೆಂಚು, ಇಟ್ಟಿಗೆ, ಮಣ್ಣಿನ ಕೊಳವೆ. ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865 ಎಂಬ ಮುದ್ರೆ.

ಇಲ್ಲೊಂದು ಸೂಕ್ಷ್ಮವಿದೆ. 1865 ಎಂದು ಬರೆದಿದೆ ಅಂತ ಹಡಗು ಆ ವರ್ಷ ಮುಳುಗಿತು ಎಂದು ಬರೆಯುವಂತಿಲ್ಲ. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ಕಾಲ ಅದೇ ಮುದ್ರೆ ಒತ್ತುತ್ತಿದ್ದರು. ಹಾಗಾಗಿ ಹಡಗು ಮುಳುಗಿದ್ದು 1865ರ ನಂತರ ಎಂದಷ್ಟೇ ಹೇಳಲು ಬರುತ್ತದೆ. ಹಡಗಿನ ಪುರಾತತ್ವ ನಡೆಯುವುದು ಹೀಗೆ. ಯಾವ ಹೆಂಚು ಯಾವ ಹೆಂಚಿನ ಮೇಲೆ ಕೂತಿತ್ತು, ಲಂಗರು ಎಷ್ಟು ದೂರ ಬಿದ್ದಿತ್ತು ಎಂದು ನೀರಿನೊಳಗೇ ಅಳತೆ ಹಿಡಿದು, ನಕ್ಷೆ ಬರೆದು, ಚಿತ್ರ ತೆಗೆದು, ಆಮೇಲೆ ಬೇಕಾದರೆ ಮಾತ್ರ ಎತ್ತಬೇಕು. ಎತ್ತಿದ್ದನ್ನು ಸಿಹಿನೀರಿನಲ್ಲಿ ದಿನಗಟ್ಟಲೆ ಇಟ್ಟು ಉಪ್ಪು ಬಿಡಿಸಬೇಕು. ಇಲ್ಲದಿದ್ದರೆ ಸಮುದ್ರ ನೂರಾರು ವರ್ಷ ಕಾಪಾಡಿದ್ದು ಗಾಳಿಗೆ ಬಂದ ಕೆಲ ತಿಂಗಳಲ್ಲೇ ಪುಡಿಯಾಗುತ್ತದೆ. ಯುನೆಸ್ಕೊದ 2001ರ ಒಪ್ಪಂದ ಹೇಳುವುದೂ ಇದನ್ನೇ: ನೂರು ವರ್ಷಕ್ಕೂ ಮಿಕ್ಕಿ ನೀರಿನಡಿ ಇರುವ ಮನುಷ್ಯರ ಕುರುಹನ್ನು ಸಾಧ್ಯವಾದಷ್ಟು ಇದ್ದಲ್ಲೇ ಉಳಿಸಿ, ವ್ಯಾಪಾರಕ್ಕೆ ಎತ್ತಬೇಡಿ. ನಿಧಿ ಆಸೆಗೆ ಗುಡಿಯ ಗರ್ಭಗುಡಿಯನ್ನೇ ಅಗೆದ ಸುದ್ದಿಗಳನ್ನು ವರ್ಷಕ್ಕೆ ನಾಲ್ಕು ಬರೆಯುವ ನಮ್ಮಂಥವರಿಗೆ ಇದರ ಅರ್ಥ ಬೇರೆಯವರಿಗಿಂತ ಬೇಗ ಆಗಬೇಕು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಮೊದಲ ಹೆಸರು ಒಬ್ಬ ಕನ್ನಡಿಗನದು. ಶಿಕಾರಿಪುರ ರಂಗನಾಥ ರಾವ್, ಅಂದರೆ ಲೋಥಲ್ ಅಗೆದ ಎಸ್.ಆರ್. ರಾವ್. ನೆಲದ ಪುರಾತತ್ವದಲ್ಲಿ ಹೆಸರು ಮಾಡಿದ ಮೇಲೆ ಅವರು ಗೋವಾದ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವದ ತಂಡ ಕಟ್ಟಿ ದ್ವಾರಕೆಯ ಸಮುದ್ರದಲ್ಲಿ ಶೋಧ ನಡೆಸಿದರು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನದೇ ನೀರಿನಡಿಯ ವಿಭಾಗ ಶುರು ಮಾಡಿದ್ದು 2001ರಲ್ಲಿ. 2025ರ ಫೆಬ್ರವರಿಯಲ್ಲಿ ಆ ವಿಭಾಗ ಮತ್ತೆ ದ್ವಾರಕೆಗೆ ಇಳಿಯಿತು. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕರಾವಳಿ, ಬಾರ್ಕೂರು, ಬಸರೂರು, ಭಟ್ಕಳ, ಹೊನ್ನಾವರದಂಥ ಹಳೆ ಬಂದರುಗಳು ಇರುವ ಕರ್ನಾಟಕದಲ್ಲಿ ಹುಡುಕುವ ಕೆಲಸ ಬೇಕಾದಷ್ಟಿದೆ.

ಗೋವಾದ ಆ ಹಡಗುಗಳು ಕಡಿಮೆ ಆಳದವು. ಆಳ ಹೆಚ್ಚಿದಂತೆ ಲೆಕ್ಕವೇ ಬೇರೆ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ನೆಲದ ಮೇಲೆ ಒಂದು ಇದ್ದದ್ದು ಹತ್ತು ಮೀಟರಿನಲ್ಲಿ ಎರಡು, ಅರವತ್ತು ಮೀಟರಿನಲ್ಲಿ ಏಳು. ಮೇಲೆ ಒಂದು ತಾಸು ಬರುವ ಸಿಲಿಂಡರಿನ ಗಾಳಿ ಅಲ್ಲಿ ಎಂಟೊಂಬತ್ತು ನಿಮಿಷಕ್ಕೆ ಮುಗಿಯುತ್ತದೆ. ಮೂವತ್ತು ಮೀಟರ್ ದಾಟಿದರೆ ಗಾಳಿಯಲ್ಲಿರುವ ಸಾರಜನಕವೇ ಸೆರೆಯಂತೆ ತಲೆಗೆ ಏರತೊಡಗುತ್ತದೆ. ನಗು ಬರುತ್ತದೆ, ಗಡಿಯಾರ ಓದಲು ಬರುವುದಿಲ್ಲ. ಇನ್ನೂ ಕೆಳಗೆ ಹೋದರೆ ಆಮ್ಲಜನಕವೇ ವಿಷವಾಗಿ ಸೆಳವು ಬರಿಸುತ್ತದೆ. ಅದಕ್ಕೇ ಹವ್ಯಾಸಿಗಳಿಗೆ ನಲವತ್ತು ಮೀಟರಿನ ಗೆರೆ ಹಾಕಿದ್ದಾರೆ. ಅದನ್ನು ದಾಟುವವರು ಆಮ್ಲಜನಕ, ಸಾರಜನಕ ಕಡಿಮೆ ಮಾಡಿ ಹೀಲಿಯಂ ಬೆರೆಸಿದ ಅನಿಲ ಉಸಿರಾಡುತ್ತಾರೆ. ಜಾತ್ರೆಯಲ್ಲಿ ಬಲೂನಿಗೆ ತುಂಬುತ್ತಾರಲ್ಲ, ಅದೇ ಹೀಲಿಯಂ.

ಇಳಿಯುವುದಕ್ಕಿಂತ ಕಠಿಣವಾದದ್ದು ಏರುವುದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಅನಿಲ, ಮೇಲೆ ಬಂದಂತೆ ಹೊರಗೆ ಬರಬೇಕು. ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತಿದೆ. ಅವಸರದಲ್ಲಿ ಮೇಲೆ ಬಂದವನ ಮೈಯೊಳಗೂ ಅದೇ ಆಗುತ್ತದೆ. ಕೀಲು ಹಿಡಿದುಕೊಳ್ಳುತ್ತದೆ, ಲಕ್ವ ಹೊಡೆಯುತ್ತದೆ, ಪ್ರಾಣವೂ ಹೋಗುತ್ತದೆ. ಹಾಗಾಗಿ ಕೆಳಗೆ ಇಪ್ಪತ್ತು ನಿಮಿಷ ಕಳೆದವನು ಮೇಲೆ ಬರಲು ಒಂದು ತಾಸಿಗೂ ಹೆಚ್ಚು ತಗೊಳ್ಳಬೇಕಾಗಬಹುದು. ನಡುನಡುವೆ ಹಗ್ಗ ಹಿಡಿದು ಸುಮ್ಮನೆ ನಿಲ್ಲಬೇಕು. ಮುಳುಗಿದ ಹಡಗಿನ ಒಳಗೆ ಹೋಗುವವರಿಗೆ ಇನ್ನೊಂದು ಕಟ್ಟಳೆ ಇದೆ: ಗಾಳಿಯನ್ನು ಮೂರು ಪಾಲು ಮಾಡು. ಒಂದು ಪಾಲು ಹೋಗಲು, ಒಂದು ಬರಲು, ಮೂರನೆಯದು ಕೆಟ್ಟ ಗಳಿಗೆಗೆ. ಮೊದಲ ಪಾಲು ಮುಗಿದ ಕೂಡಲೇ, ಎದುರಿಗೆ ಏನೇ ಕಾಣಲಿ, ತಿರುಗಬೇಕು.

ಈ ಕಟ್ಟಳೆಗಳು ಸುಮ್ಮನೆ ಬಂದವಲ್ಲ. 1900ರಲ್ಲಿ ಗ್ರೀಸ್‌ನ ಆಂಟಿಕಿಥೆರಾ ದ್ವೀಪದ ಹತ್ತಿರ ಎರಡು ಸಾವಿರ ವರ್ಷದ ಹಡಗನ್ನು ಕಂಡವರು ವಿದ್ವಾಂಸರಲ್ಲ, ಸ್ಪಂಜು ಕೀಳಲು ಮುಳುಗುತ್ತಿದ್ದ ಕೂಲಿಯವರು. ಅವರನ್ನೇ ಮತ್ತೆ ಮತ್ತೆ ಇಳಿಸಿ ಕಂಚಿನ ಮೂರ್ತಿಗಳನ್ನು ತೆಗೆಸಿದರು. ಗ್ರಹಗತಿ ಲೆಕ್ಕ ಹಾಕುವ ಹಲ್ಲುಚಕ್ರದ ಯಂತ್ರ ಸಿಕ್ಕಿದ್ದೂ ಅಲ್ಲೇ. ಇಡೀ ಜಗತ್ತು ಆ ಯಂತ್ರವನ್ನು ಬಲ್ಲದು. ಅದನ್ನು ಎತ್ತುವ ಕೆಲಸದಲ್ಲಿ ಒಬ್ಬ ಸತ್ತ, ಇಬ್ಬರಿಗೆ ಲಕ್ವ ಹೊಡೆಯಿತು ಎಂಬುದನ್ನು ನೆನಪಿಡುವವರು ಕಡಿಮೆ. ಅವರೂ ಒಂದು ಬಗೆಯ ‘ಸ್ಥಳೀಯ ನುರಿತ ಈಜುಗಾರ’ರೇ.

ನಮ್ಮ ರಾಜ್ಯ ಈ ವಿದ್ಯೆಯ ಬೆಲೆಯನ್ನು ಕಂಡದ್ದು ಇತಿಹಾಸದ ಹಡಗಿನಿಂದಲ್ಲ, ಮೀನುಗಾರರ ದೋಣಿಯಿಂದ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಜನರ ಸಮೇತ ಕಾಣೆಯಾಯಿತು. ಮೀನುಗಾರರು ಹೆದ್ದಾರಿಗೆ ಇಳಿದರು, ಮನೆಯವರು ತಿಂಗಳುಗಟ್ಟಲೆ ಕಾದರು. ಕೊನೆಗೆ 2019ರ ಮೇ ಮೊದಲ ವಾರ, ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ, ಸುಮಾರು ಅರವತ್ತು ಮೀಟರ್ ಆಳದಲ್ಲಿ ದೋಣಿಯ ಅವಶೇಷ ಪತ್ತೆ ಹಚ್ಚಿತು ಎಂಬ ಸುದ್ದಿ ಬಂತು. ಏಳು ಜನ ಸಿಗಲಿಲ್ಲ. ಆದರೆ ದೋಣಿ ಎಲ್ಲಿದೆ ಎಂಬುದಾದರೂ ತಿಳಿಯಿತು. ಅಷ್ಟು ತಿಳಿಯಲು ಶಬ್ದದ ಅಲೆಯಿಂದ ಸಮುದ್ರದ ತಳ ಓದುವ ಸೋನಾರ್ ಬೇಕಾಯಿತು, ಆ ಆಳಕ್ಕೆಂದೇ ಕಟ್ಟಿದ ಹಡಗು ಬೇಕಾಯಿತು, ತರಬೇತಾದ ಮುಳುಗುಗಾರರು ಬೇಕಾದರು. ನಾಲ್ಕೂವರೆ ತಿಂಗಳೂ ಬೇಕಾದವು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಲಾರಿಯೊಂದು ಗಂಗಾವಳಿ ನದಿ ಸೇರಿದಾಗ ಮತ್ತೆ ಅದೇ ಪ್ರಶ್ನೆ. ನದಿಯ ಸೆಳವಿಗೆ ನೌಕಾಪಡೆಯವರೇ ಹಲವು ದಿನ ಇಳಿಯಲಾಗಲಿಲ್ಲ. ಮುಳುಗುತಜ್ಞ ಈಶ್ವರ ಮಲ್ಪೆ ಇಳಿದರು, ಟಿ.ವಿ.ಗಳು ಅವರನ್ನು ವೀರ ಎಂದು ತೋರಿಸಿದವು. ಅವರು ವೀರರೇ, ಸಂಶಯವಿಲ್ಲ. ಆದರೆ ಲಾರಿ ಮತ್ತು ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಹೂಳೆತ್ತುವ ಯಂತ್ರ ತಂದ ಮೇಲೆ. ಒಬ್ಬನ ಎದೆಗಾರಿಕೆಯನ್ನು ಕೊಂಡಾಡಿ ಇಡೀ ವ್ಯವಸ್ಥೆಯ ಕೊರತೆಯನ್ನು ಮರೆಸುವುದು ನಮ್ಮ ಮಾಧ್ಯಮದ ಹಳೆ ಚಾಳಿ. ನಾನೂ ಆ ಮಾಧ್ಯಮದ ಒಬ್ಬ ಕೂಲಿ.

ಇಷ್ಟೆಲ್ಲ ಓದಿಕೊಂಡು, ಆ ಕಾಕಾನನ್ನು ಹುಡುಕಿಕೊಂಡು ಹೋದೆ. ಹೊಲದ ಬದುವಿನ ಬೇವಿನ ಮರದ ಕೆಳಗೆ ಬಲೆ ಹೊಲಿಯುತ್ತಾ ಕೂತಿದ್ದ. ಬಲಗಿವಿಗೆ ಮಾತು ಕೇಳಿಸುವುದಿಲ್ಲ, ಎಡಕ್ಕೆ ಬಂದು ಕೂರಿ ಅಂದ.

‘ಕಾಕಾ, ಕೆಳಗೆ ಏನು ಕಾಣ್ತದ?’

‘ಏನೂ ಕಾಣಂಗಿಲ್ರಿ ಸರ. ಖಣಿ ನೀರ ಮ್ಯಾಲಷ್ಟೇ ತಿಳಿ. ಕೆಳಗ ಹೋದ್ರ ಕತ್ತಲಿ, ಐಸಿನಂಗ ಥಂಡಿ. ಕೈಯೇ ಕಣ್ಣು. ಕಲ್ಲ ಯಾವುದು, ಕಾಲ ಯಾವುದು ಅಂತ ಮುಟ್ಟೇ ನೋಡಬೇಕು.’

ಕಿವಿ ಹೇಗೆ ಹೋಯಿತು ಅಂತ ಕೇಳಿದೆ. ‘ಸಿಡೀತ್ರಿ’ ಅಂದ, ಅಷ್ಟೇ. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟಾಗುತ್ತದೆ, ಮೂಗು ಹಿಡಿದು ಕಿವಿಯೊಳಗಿನ ಗಾಳಿ ಸಮ ಮಾಡಿಕೊಳ್ಳದೆ ಇಳಿದರೆ ಕಿವಿತಮಟೆ ಹರಿಯುತ್ತದೆ ಎಂಬುದು ಹವ್ಯಾಸಿ ಮುಳುಗುಗಾರರಿಗೆ ಮೊದಲ ದಿನವೇ ಕಲಿಸುವ ಪಾಠ. ಈತನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಇಳಿಯುವ ಮೊದಲು ಏಳೆಂಟು ಸಲ ಜೋರಾಗಿ ಉಸಿರಾಡಿದ್ದರ ಬಗ್ಗೆಯೂ ಕೇಳಿದೆ. ‘ನಮ್ಮಪ್ಪನೂ ಹಾಂಗೇ ಮಾಡ್ತಿದ್ದ, ದಮ್ಮು ಹೆಚ್ಚಿಗಿ ಸಿಗ್ತದ’ ಅಂದ. ನಿಜವಾಗಿ ಅದರಿಂದ ಗಾಳಿ ಹೆಚ್ಚೇನೂ ಸಿಗುವುದಿಲ್ಲ. ಉಸಿರು ಬೇಕು ಎಂದು ಮೈ ಕೂಗುವುದು ಇಂಗಾಲದ ಡೈಆಕ್ಸೈಡ್ ಏರಿದಾಗ. ಮೊದಲೇ ಅದನ್ನು ಊದಿ ಹೊರಹಾಕಿದರೆ ಕೂಗು ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಮ್ಲಜನಕ ಮುಗಿದು ಪ್ರಜ್ಞೆ ಹೋಗುತ್ತದೆ. ಅದೂ ಮೇಲೆ ಬರುವಾಗ, ನೀರಿನ ಮೇಲ್ಮೈ ಹತ್ತಿರ. ಇದನ್ನು ನನಗೆ ಬಂದ ಹಾಗೆ ಹೇಳಿದೆ. ಆತ ಬಲೆ ಕೆಳಗಿಟ್ಟ.

‘ನಮ್ಮ ತಮ್ಮ ಒಮ್ಮೆ ಮ್ಯಾಲ ಬರೋಮುಂದ ಕಣ್ಣ ಮುಚ್ಚಿಬಿಟ್ಟಿದ್ದ ನೋಡ್ರಿ. ಸೊಂಟಕ್ಕ ಹಗ್ಗ ಇತ್ತಂತ ಉಳದ. ಗಾಳಿ ಬಡದದ ಅಂತ ಜನ ಅಂದ್ರು.’

ಆತನ ಹೆಸರು ಹಾಕಿ ದೊಡ್ಡ ಲೇಖನ ಬರೆಯುತ್ತೇನೆ, ಫೋಟೊ ಬೇಕು ಅಂದೆ. ನನ್ನ ಹತ್ತು ವರ್ಷದ ತಪ್ಪಿಗೆ ಅದೇ ಪ್ರಾಯಶ್ಚಿತ್ತ ಅಂದುಕೊಂಡಿದ್ದೆ. ಆತ ಒಪ್ಪಲಿಲ್ಲ.

‘ಬ್ಯಾಡ್ರಿ ಸರ. ಮಗಳ ಲಗ್ನ ಮಾಡೋದದ. ಹೆಣ ತಗಿಯಾವ್ನ ಮಗಳು ಅಂತ ಯಾರರೆ ಅಂದ್ರ ಏನ್ ಮಾಡ್ಲಿ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಳುಗಿದ ಹಡಗಿಗೆ ಇಳಿದವನು ಸಾಹಸಿ, ಮುಳುಗಿದ ಮಗನನ್ನು ತಾಯಿಯ ಮಡಿಲಿಗೆ ತಂದುಕೊಟ್ಟವನು ಹೆಣ ತೆಗೆಯುವವನು. ದಂಡೆಯ ಮೇಲೆ ಕೈಮುಗಿದು ನಿಂತ ಜನರೇ ಮರುದಿನ ಅವನ ಮನೆಯ ನೀರು ಕುಡಿಯಲು ಹಿಂದೆಮುಂದೆ ನೋಡುತ್ತಾರೆ. ಅವತ್ತು ಅವನಿಗೆ ಸಿಕ್ಕಿದ್ದು ಹುಡುಗನ ಮನೆಯವರು ಅಳುತ್ತಾ ಕೈಗಿಟ್ಟ ಒಂದಿಷ್ಟು ದುಡ್ಡು, ಯಾರೋ ತಂದುಕೊಟ್ಟ ಒಂದು ಕ್ವಾರ್ಟರ್. ಥಂಡಿಗೆ ಮತ್ತು ನೆನಪಿಗೆ ಅದೇ ಔಷಧ.

ಕೆಲವರು ಕೇಳಬಹುದು: ಕುಡಿಯುವ ನೀರಿಗೇ ಪರದಾಡುವ ಜಿಲ್ಲೆಯಲ್ಲಿ ಹೀಲಿಯಂ, ಸೋನಾರ್, ಮುಳುಗಿದ ಹಡಗು ಅಂತ ಯಾಕೆ ಕೊರೆಯುತ್ತೀ? ಒಪ್ಪುತ್ತೇನೆ, ನಮ್ಮ ಖಣಿಗೆ ಹೀಲಿಯಂ ಬೇಡ. ಹತ್ತು ಹದಿನೈದು ಮೀಟರಿನ ನೀರಿಗೆ ಸಾದಾ ಗಾಳಿಯ ಸಿಲಿಂಡರೇ ಸಾಕು. ಬೇಕಾದದ್ದು ಆ ವಿದ್ಯೆಯ ಶಿಸ್ತು. ಒಬ್ಬನೇ ಇಳಿಯಬಾರದು. ಎಷ್ಟು ಹೊತ್ತು, ಎಷ್ಟು ಆಳ ಎಂಬುದನ್ನು ಮೇಲಿರುವವನು ಬರೆದುಕೊಳ್ಳಬೇಕು. ಹಗ್ಗದ ಸನ್ನೆ ಮೊದಲೇ ಗೊತ್ತಾಗಿರಬೇಕು. ಖಣಿಯ ತಳವನ್ನು ಮನಸ್ಸಿಗೆ ಬಂದ ಕಡೆ ತಡಕಾಡದೆ, ಪುರಾತತ್ವದವರ ಹಾಗೆ ಹಗ್ಗ ಎಳೆದು ಚೌಕ ಚೌಕ ಮಾಡಿ ಹುಡುಕಬೇಕು. ನೋಡಿದ ಚೌಕವನ್ನು ಮತ್ತೆ ನೋಡದ ಹಾಗೆ ಗುರುತು ಮಾಡಬೇಕು. ತಿರುಗುವ ಹೊತ್ತು ಬಂದಾಗ, ದಂಡೆಯ ಮೇಲೆ ಯಾರೇ ಅಳಲಿ, ತಿರುಗಬೇಕು. ಹಡಗು ಹುಡುಕುವವರು ಜೀವ ತೆತ್ತು ಕಲಿತ ಪಾಠ ಖಣಿಗೆ ಇಳಿಯುವವನ ಜೀವ ಉಳಿಸಲಿಕ್ಕೆ ಬರುತ್ತದೆ. ನಾನು ಇವೆರಡನ್ನೂ ಒಂದೇ ಲೇಖನದಲ್ಲಿ ತಂದಿರುವುದು ಅದಕ್ಕೇ.

ಇನ್ನೊಂದು ಮಾತು: ಹೆಣ ಹೇಗೂ ಎರಡು ಮೂರು ದಿನಕ್ಕೆ ತಾನೇ ತೇಲುತ್ತದಲ್ಲ, ಜೀವಂತ ಮನುಷ್ಯನನ್ನು ಯಾಕೆ ಇಳಿಸಬೇಕು? ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಮುಳುಗಿ ತಾಸುಗಳಾದ ಮೇಲೆ ಅವಸರ ಮಾಡುವುದರಲ್ಲಿ ಅರ್ಥವಿಲ್ಲ. ಸತ್ತವನಿಗಾಗಿ ಇನ್ನೊಬ್ಬ ಸಾಯಬಾರದು. ಆದರೆ ತಾಯಿ ದಂಡೆಯ ಮೇಲೆ ಕೂತಿರುವಾಗ ಎರಡು ದಿನ ಕಾಯೋಣ ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಹಾಗಾಗಿ ಒತ್ತಡವೆಲ್ಲ ಆ ಬರಿಮೈ ಮನುಷ್ಯನ ಮೇಲೆ ಬೀಳುತ್ತದೆ. ‘ಈಗ ಇಳಿಯುವಂತಿಲ್ಲ, ನಾಳೆ ಬೆಳಿಗ್ಗೆ ಇಳಿಯುತ್ತೇವೆ’ ಎಂದು ಹೇಳಲು ಒಂದು ಅಧಿಕಾರ ಬೇಕು. ತರಬೇತಿ, ಸಮವಸ್ತ್ರ, ಗುರುತಿನ ಚೀಟಿ ಇದ್ದವನಿಗೆ ಆ ಅಧಿಕಾರ ಇರುತ್ತದೆ. ಕ್ವಾರ್ಟರ್ ಕೊಟ್ಟು ಕರೆತಂದವನಿಗೆ ಇರುವುದಿಲ್ಲ.

ಹಾಗಾಗಿ ಕೇಳುತ್ತಿರುವುದು ಇಷ್ಟು. ಒಂದು, ಪ್ರತಿ ಜಿಲ್ಲೆಯಲ್ಲಿ ನೀರಿಗೆ ಇಳಿಯುವ ಇಂಥವರ ಪಟ್ಟಿ ಮಾಡಿ. ಎರಡು, ಅವರನ್ನು ಕಾರವಾರಕ್ಕೋ ಮಲ್ಪೆಗೋ ಕಳಿಸಿ ಒಂದು ತಿಂಗಳು ಕಲಿಸಿ. ನೌಕಾಪಡೆ ಕೊಚ್ಚಿಯಲ್ಲಿ ಮುಳುಗುಗಾರರ ಶಾಲೆಯನ್ನೇ ನಡೆಸುತ್ತದೆ, ಗೋವಾದಲ್ಲಿ ಪುರಾತತ್ವದ ಮುಳುಗುಗಾರರಿದ್ದಾರೆ. ಅವರ ಪಾಠ ಸರಳ ಕನ್ನಡದಲ್ಲಿ ಬರಲಿ. ಮೂರು, ಇಳಿದ ದಿನದ ಕೂಲಿ ಸರ್ಕಾರದ ಖಾತೆಯಿಂದ ಬರಲಿ, ಮಗ ಸತ್ತ ಮನೆಯವರ ಜೇಬಿನಿಂದ ಬೇಡ. ವಿಮೆ ಇರಲಿ, ವರ್ಷಕ್ಕೊಮ್ಮೆ ಕಿವಿ ಮತ್ತು ಎದೆಯ ತಪಾಸಣೆ ಇರಲಿ. ನಾಲ್ಕು, ಇದು ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು, ಕಲ್ಲು ತೆಗೆದು ಬಿಟ್ಟು ಹೋದ ಖಣಿಗಳಿಗೆ ಬೇಲಿ ಹಾಕಿಸಿ. ಬೇಲಿ ಇದ್ದಿದ್ದರೆ ಅವತ್ತು ಕಾಕಾ ಮನೆಯಲ್ಲೇ ಇರುತ್ತಿದ್ದ, ಹುಡುಗನೂ ಇರುತ್ತಿದ್ದ.

ಹೀಗೆ ತರಬೇತಾದ ಅಂಬಿಗರ, ಕಬ್ಬಲಿಗರ ಮಕ್ಕಳಲ್ಲಿ ನಾಲ್ಕು ಜನ ಮುಂದೆ ಪುರಾತತ್ವದವರ ಜೊತೆ ಸಮುದ್ರಕ್ಕೆ ಇಳಿದರೆ ಆಶ್ಚರ್ಯವೇನಿಲ್ಲ. ಕಣ್ಣು ಕಾಣದ ನೀರಿನಲ್ಲಿ ಬೆರಳಿನಿಂದ ಕಲ್ಲು ಯಾವುದು, ಕಾಲು ಯಾವುದು ಎಂದು ಗುರುತಿಸುವವನಿಗೆ ಹೂಳಿನಲ್ಲಿ ಹೂತ ಹೆಂಚು ಗುರುತಿಸುವುದು ಕಲಿಸಲು ಎಷ್ಟು ದಿನ ಬೇಕು?

ಹೊರಡುವ ಮುಂಚೆ ಗೆಳೆಯ ಕಳಿಸಿದ ವಿಡಿಯೊ ಕಾಕಾನಿಗೆ ತೋರಿಸಿದೆ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿದ. ಗೋವಾದ ಹಡಗಿನ ವಿಷಯವನ್ನೂ ಹೇಳಿದೆ. ‘ಅಷ್ಟ ಹಳೀ ಹಡಗಿನ್ಯಾಗ ಏನ್ ಸಿಕ್ತ್ರಿ?’ ಅಂದ. ‘ಹೆಂಚು’ ಅಂದೆ. ಬಾಯ್ತುಂಬ ನಕ್ಕ. ಆಮೇಲೆ ಕೇಳಿದ: ‘ಇವ್ರಿಗಿ ಮ್ಯಾಲ ಹಗ್ಗ ಹಿಡಿಯಾಂವ ಯಾರ್ರಿ?’ ವಿಡಿಯೊದಲ್ಲಿ ಅದು ಕಾಣುವುದಿಲ್ಲ. ದೋಣಿಯಲ್ಲಿ ಒಂದು ತಂಡವೇ ಇರುತ್ತದೆ ಕಾಕಾ, ಗಡಿಯಾರ ನೋಡ್ತಾ, ಬರಕೊಳ್ತಾ ಕೂತಿರ್ತಾರ ಅಂದೆ. ತಲೆಯಾಡಿಸಿ ಮೊಬೈಲ್ ವಾಪಸು ಕೊಟ್ಟ.

ಕಲಬುರಗಿ ಜಿಲ್ಲೆಯಲ್ಲಿ ಮುಳುಗುಗಾರರ ಪಟ್ಟಿ ಇದೆಯೇ, ಅವರಿಗೆ ಕೊಡುವ ಹಣಕ್ಕೆ ಯಾವ ಲೆಕ್ಕಶೀರ್ಷಿಕೆ ಇದೆ, ಪಾಳುಬಿದ್ದ ಖಣಿಗಳೆಷ್ಟು, ಬೇಲಿ ಎಷ್ಟಕ್ಕಿದೆ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇನೆ. ಬೇರೆ ಬೇರೆ ಜಿಲ್ಲೆಗಳಲ್ಲಿರುವ ಗೆಳೆಯರೂ ಒಂದೊಂದು ಹಾಕಿ. ನಾಲ್ಕು ಪ್ರಶ್ನೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಉತ್ತರ ಬಂದ ಮೇಲೆ ಇಲ್ಲೇ ಕೂಡಿಸಿ ಬರೆಯೋಣ. ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು: ಮುಂದಿನ ಸಲ ಆ ಕೊನೆಯ ಸಾಲು ಬರೆಯುವ ಮೊದಲು, ಇಳಿದವನ ಹತ್ತಿರ ಹೋಗಿ ಎರಡು ಮಾತು ಕೇಳಿ. ಹೆಸರು ಹಾಕುವುದು ಬಿಡುವುದು ಅವನಿಗೆ ಬಿಟ್ಟದ್ದು.